1988ರ ಮಾರುತಿ 800 ಕ್ಲಚ್ ವೈರ್ ಮನೆಯಲ್ಲೇ ಬದಲಾಯಿಸಬೇಕು, ಗೊತ್ತಿರುವವರು ಹೇಳಿ

ತೋಟದ_ಎಂಟುನೂರು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು 1988ರ ಮಾರುತಿ 800. ಕಾರ್ಬುರೇಟರ್ ಗಾಡಿ, ನಾಲ್ಕು ಗೇರು. ಆ ವರ್ಷ ಕಾಫಿ ಮಾರಿದ ದುಡ್ಡಲ್ಲಿ ಅಪ್ಪ ತಂದ ಕಾರು. ಈಗಲೂ ತೋಟಕ್ಕೂ ಪೇಟೆಗೂ ಅದರಲ್ಲೇ ಓಡಾಟ. ಮಾರುವ ಮಾತೇ ಇಲ್ಲ.

ಸಮಸ್ಯೆ ಏನಂದರೆ ಕ್ಲಚ್ ಪೆಡಲ್ ತುಂಬಾ ಗಟ್ಟಿಯಾಗಿದೆ. ಒತ್ತುವಾಗ ಪಾದಕ್ಕೆ ಕರಕರ ಅಂತ ಗೊತ್ತಾಗುತ್ತದೆ, ಬಿಟ್ಟರೆ ನಿಧಾನಕ್ಕೆ ಮೇಲೆ ಬರುತ್ತದೆ. ರಿವರ್ಸ್ ಹಾಕುವಾಗ ಗೇರು ಜೋರಾಗಿ ಸದ್ದು ಮಾಡುತ್ತದೆ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ವೈರಿನ ಕೆಲವು ಎಳೆ ಕಿತ್ತು ಬಂದಿವೆ.

ನನಗೆ ಬೇಜಾರು ಏನು ಗೊತ್ತಾ, ಇದು ಹಳೇ ವೈರ್ ಅಲ್ಲ. ಹೋದ ಮಳೆಗಾಲಕ್ಕೆ ಮುಂಚೆ ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದ್ದು. ಮತ್ತೆ ಕೇಳಿದರೆ "ಹಳೇ ಗಾಡಿ ಅಲ್ವಾ, ಹಾಗೇ" ಅಂತಾರೆ. ಗಾಡಿ ಹಳೇದಾದರೆ ಹೊಸ ವೈರ್ ಯಾಕೆ ಹೋಗಬೇಕು? ಈ ಸಲ ನಾನೇ ಹಾಕಬೇಕು ಅಂತ ಇದ್ದೇನೆ. ಗೇರ್‌ಬಾಕ್ಸ್ ಇಳಿಸಬೇಕಾ? ಪೆಡಲಿಗೆ ಪ್ಲೇ, ಅಂದರೆ ಭಾರ ಸಿಗುವ ಮುಂಚಿನ ಸಡಿಲ, ಎಷ್ಟು ಬಿಡಬೇಕು? ಯಾಕೆ ಇಷ್ಟು ಬೇಗ ಹೋಯಿತು? ಮೂರಕ್ಕೂ ಉತ್ತರ ಬೇಕು.

ಹಾಸನ_ಪಾನಾ_ಪೆಟ್ಟಿಗೆ, ಹಾಸನ

ಗೇರ್‌ಬಾಕ್ಸ್ ಮುಟ್ಟುವುದೇ ಬೇಡ. ಈ ಗಾಡಿಯ ಕ್ಲಚ್ ವೈರ್ ಪೂರ್ತಿ ಹೊರಗೇ ಇರುತ್ತದೆ. ಒಂದು ತುದಿ ಪೆಡಲಿನ ಮೇಲ್ಭಾಗಕ್ಕೆ ಕೊಕ್ಕೆ, ಇನ್ನೊಂದು ತುದಿ ಗೇರ್‌ಬಾಕ್ಸ್ ಪಕ್ಕದ ರಿಲೀಸ್ ಆರ್ಮಿಗೆ, ಅಂದರೆ ಕ್ಲಚ್ ಬಿಡಿಸುವ ಲಿವರಿಗೆ, ನಟ್ಟು. ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ.

ಆದರೆ ವೈರ್ ತರುವ ಮುಂಚೆ ಒಂದು ಪರೀಕ್ಷೆ ಮಾಡಿ. ಗಟ್ಟಿ ಇರುವುದು ವೈರಾ ಅಥವಾ ಕ್ಲಚ್ಚಾ ಅಂತ ಮೊದಲು ತಿಳಿಯಬೇಕು. ಎಷ್ಟೋ ಜನ ಇದನ್ನು ಮಾಡದೆ ವೈರ್ ಮೇಲೆ ವೈರ್ ಹಾಕಿಸುತ್ತಾರೆ. ಎಂಜಿನ್ ಆಫ್ ಇರಲಿ. ರಿಲೀಸ್ ಆರ್ಮಿನ ನಟ್ಟು ಬಿಚ್ಚಿ ವೈರಿನ ತುದಿಯನ್ನು ಬಿಡಿಸಿ. ಈಗ ಪೆಡಲನ್ನು ಕೈಯಲ್ಲಿ ಒತ್ತಿ. ವೈರ್ ಒಳ್ಳೆಯದಾಗಿದ್ದರೆ ಪೆಡಲ್ ಸಲೀಸಾಗಿ ಹೋಗುತ್ತದೆ, ಯಾಕೆಂದರೆ ಆ ಕಡೆ ಎಳೆಯಲು ಏನೂ ಇಲ್ಲ. ಆಗಲೂ ಬಿಗಿ ಅಂದರೆ ವೈರೇ ಹೋಗಿದೆ, ಇಲ್ಲವೇ ಪೆಡಲಿನ ಬುಷ್ (ಪೆಡಲ್ ತಿರುಗುವ ಜಾಗದ ಬಳೆ) ಒಣಗಿದೆ. ಪೆಡಲ್ ಸಲೀಸು ಆದರೆ ಆರ್ಮ್ ಅಲ್ಲಾಡಿಸಿ ನೋಡಿ. ಆರ್ಮಿನ ಶಾಫ್ಟ್ ಕೂತಿರುವ ಬುಷ್ ತುಕ್ಕು ಹಿಡಿದಿರಬಹುದು, ಮಲೆನಾಡಿನ ಗಾಡಿಗಳಲ್ಲಿ ಇದು ಜಾಸ್ತಿ. ಅದೂ ಸರಿ ಇದೆ ಅಂದರೆ ಕ್ಲಚ್ಚಿನ ಒಳಗಿನ ಪ್ರೆಷರ್ ಪ್ಲೇಟು. ಅದಕ್ಕೆ ಮಾತ್ರ ಗೇರ್‌ಬಾಕ್ಸ್ ಇಳಿಯಬೇಕು.

ಇನ್ನೊಂದು ವಿಷಯ. ಹಳೇ ವೈರನ್ನು ಬಿಚ್ಚಿದ ಮೇಲೆ ಎಸೆಯಬೇಡಿ. ಹೊರಗಿನ ಕವರ್ ಯಾವ ಜಾಗದಲ್ಲಿ ಕೆಟ್ಟಿದೆ ಅಂತ ಬೆರಳಾಡಿಸಿ ನೋಡಿ ಇಲ್ಲಿ ಬರೆಯಿರಿ. ಬೇಗ ಹೋದದ್ದು ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಗಿರಿಸೀಮೆ, ಚಿಕ್ಕಮಗಳೂರು

ಎಳೆ ಕಿತ್ತಿದೆ ಅಂದರೆ ದಯವಿಟ್ಟು ಘಾಟಿ ಇಳಿಸಬೇಡಿ. ಚಾರ್ಮಾಡಿಯಲ್ಲಿ ತಿರುವಿನ ಮಧ್ಯೆ ವೈರ್ ಕಿತ್ತರೆ ಹಿಂದೆ ಬರುವ ಬಸ್ಸಿನವರಿಗೂ ಕಷ್ಟ. ವೈರ್ ಬರುವ ತನಕ ಗಾಡಿ ಶೆಡ್ಡಲ್ಲೇ ಇರಲಿ.

ಕಡೂರು_ಪದ್ಮಿನಿ, ಕಡೂರು

ನಮ್ಮ ಕಡೆ ಮಳೆ ಕಡಿಮೆ, ಧೂಳು ಜಾಸ್ತಿ. ಆದರೂ ವೈರ್ ಹೋಗುತ್ತದೆ. ಕೆಳಗಿನ ತುದಿಯಲ್ಲಿ ಒಂದು ರಬ್ಬರ್ ಬೂಟು ಬರುತ್ತದಲ್ಲ, ಅದು ಹರಿದಿದ್ದರೆ ಧೂಳು ಒಳಗೆ ಹೋಗಿ ಅರದ ಹಾಗೆ ಉಜ್ಜುತ್ತದೆ. ನಿಮ್ಮ ಕಡೆ ಧೂಳಿನ ಬದಲು ಕೆಸರು ನೀರು, ಅಷ್ಟೇ. ಬೂಟ್ ಇದೆಯಾ ನೋಡಿದಿರಾ?

ಅಂದ ಹಾಗೆ, 800 ಕೂಡ ಈಗ ಹಳೇ ಕಾರುಗಳ ಸಾಲಿಗೆ ಬಂತು ಅಂತ ಖುಷಿಯಾಯಿತು. ಇಲ್ಲಿ ಬರೀ ಪದ್ಮಿನಿ, ಅಂಬಾಸಿಡರ್ ಮಾತೇ ಆಗಿತ್ತು.

ಗಿರಿಸೀಮೆ, ಚಿಕ್ಕಮಗಳೂರು

ಸರ್ಕಾರದ ಲೆಕ್ಕದಲ್ಲಿ ಇನ್ನೂ ಬಂದಿಲ್ಲ. 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಣಿ ಆಗಲು 50 ವರ್ಷ ದಾಟಿರಬೇಕು. ಮೊದಲ 800 ರಸ್ತೆಗೆ ಬಂದಿದ್ದೇ 1983ರ ಡಿಸೆಂಬರ್ 14ರಂದು. ಹಾಗಾಗಿ ಅತಿ ಹಳೇ 800ಗೂ 2033ರ ತನಕ ಕಾಯಬೇಕು. ಆದರೆ ನಮಗೆ ಕಾಗದ ಮುಖ್ಯ ಅಲ್ಲ. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತ ಗಾಡಿ ಅದು, ಉಳಿಸಿಕೊಂಡವರು ಉಳಿಸಿಕೊಳ್ಳಲೇಬೇಕು.

ತೋಟದ_ಎಂಟುನೂರು, ಮೂಡಿಗೆರೆ

ಹಾಸನದ ಸರ್ ಹೇಳಿದ ಪರೀಕ್ಷೆ ಮಾಡಿದೆ. ತುದಿ ಬಿಡಿಸಿದ ಮೇಲೂ ಪೆಡಲ್ ಬಿಗಿಯಾಗೇ ಇದೆ. ಆರ್ಮ್ ಚೆನ್ನಾಗಿ ಆಡುತ್ತದೆ. ಪೆಡಲಿನ ಕಡೆಯ ಕೊಕ್ಕೆಯನ್ನೂ ಬಿಡಿಸಿ ನೋಡಿದೆ, ಪೆಡಲ್ ಒಂದೇ ಇದ್ದಾಗ ಹಗುರವಾಗಿದೆ. ಹಾಗಾದರೆ ವೈರೇ ಅಂತ ಖಾತ್ರಿ ಆಯಿತು.

ವೈರನ್ನು ಪೂರ್ತಿ ಹೊರಗೆ ತೆಗೆದೆ. ಬೂಟು ಹರಿದಿಲ್ಲ, ಚೆನ್ನಾಗಿದೆ. ಆದರೆ ಒಂದು ವಿಚಿತ್ರ. ಮಧ್ಯದಲ್ಲಿ ಸುಮಾರು ಗೇಣುದ್ದ ಕಪ್ಪು ಕವರ್ ಉಬ್ಬಿ, ಮೆತ್ತಗಾಗಿ ಮತ್ತೆ ಗಟ್ಟಿಯಾದ ಹಾಗಿದೆ. ಬ್ಲೇಡಲ್ಲಿ ಸೀಳಿ ನೋಡಿದರೆ ಒಳಗಿನ ಬಿಳಿ ಪ್ಲಾಸ್ಟಿಕ್ ಪದರ ಕರಗಿ ಇನ್ನರ್ ವೈರಿಗೆ ಅಂಟಿಕೊಂಡಿದೆ. ಆ ಜಾಗ ಬಿಸಿ ಹೊಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರವೇ ಇಲ್ಲ. ಹಾಗಾದರೆ ಬಿಸಿ ಎಲ್ಲಿಂದ ಬಂತು?

ಭದ್ರಾ_ತೀರ, ಬಾಳೆಹೊನ್ನೂರು

ಎಂಜಿನ್ನಿನ ಅರ್ಥಿಂಗ್ ಪಟ್ಟಿ ನೋಡಿ. ನನಗೆ ಹೆಚ್ಚು ಅನುಮಾನ ಅದರ ಮೇಲೇ.

ಕಡೂರು_ಪದ್ಮಿನಿ, ಕಡೂರು

ಮೇಡಂ, ಕ್ಲಚ್ ವೈರಿಗೂ ಅರ್ಥಿಂಗಿಗೂ ಏನು ಸಂಬಂಧ? ಅದರಲ್ಲಿ ಕರೆಂಟೇ ಹರಿಯುವುದಿಲ್ಲವಲ್ಲ.

ಭದ್ರಾ_ತೀರ, ಬಾಳೆಹೊನ್ನೂರು

ಹರಿಯಬಾರದು. ಆದರೆ ಹರಿಯುತ್ತದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಹಳೇ ಗಾಡಿಗಳಲ್ಲಿ ಎಷ್ಟೋ ವೈರು ಹಾಳಾಗುತ್ತಿವೆ.

ಬ್ಯಾಟರಿಯ ಮೈನಸ್ ಗಾಡಿಯ ಲೋಹದ ಬಾಡಿಗೆ ಸೇರಿರುತ್ತದೆ. ಸ್ಟಾರ್ಟರ್ ಇರುವುದು ಎಂಜಿನ್ ಮೇಲೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ, ಅಂದರೆ ಎಂಜಿನ್ನಿಗೂ ಬಾಡಿಗೂ ನಡುವೆ ಕಬ್ಬಿಣದ ಸಂಪರ್ಕ ಇಲ್ಲ. ಅದಕ್ಕೇ ಒಂದು ದಪ್ಪ ಪಟ್ಟಿಯನ್ನೋ ಕಪ್ಪು ವೈರನ್ನೋ ಎಂಜಿನ್ ಇಲ್ಲವೇ ಗೇರ್‌ಬಾಕ್ಸಿಗೆ ಕಟ್ಟಿರುತ್ತಾರೆ. ಕೀ ತಿರುಗಿಸಿದಾಗ ಸ್ಟಾರ್ಟರ್ ನೂರು ಆಂಪಿಯರ್ ಆಸುಪಾಸು ಎಳೆಯುತ್ತದೆ. ಅಷ್ಟೂ ಕರೆಂಟು ಆ ಪಟ್ಟಿಯ ಮೂಲಕವೇ ಬ್ಯಾಟರಿಗೆ ವಾಪಸ್ ಹೋಗಬೇಕು.

ಈಗ ಆ ಪಟ್ಟಿ ತುಕ್ಕು ಹಿಡಿದಿದೆ, ಬೋಲ್ಟು ಸಡಿಲ ಇದೆ, ಅಥವಾ ಹಿಂದೆ ಯಾರೋ ಗೇರ್‌ಬಾಕ್ಸ್ ಇಳಿಸಿದವರು ಅದನ್ನು ವಾಪಸ್ ಹಾಕಿಲ್ಲ ಅಂದುಕೊಳ್ಳಿ. ಕರೆಂಟು ಸುಮ್ನೆ ನಿಲ್ಲುವುದಿಲ್ಲ. ಎಂಜಿನ್ನಿನಿಂದ ಬಾಡಿಗೆ ಹೋಗಲು ಬೇರೆ ಲೋಹದ ದಾರಿ ಹುಡುಕುತ್ತದೆ. ಏನಿದೆ? ಕ್ಲಚ್ ವೈರಿದೆ, ಆಕ್ಸಿಲೇಟರ್ ವೈರಿದೆ, ಚೋಕ್ ವೈರಿದೆ, ಸ್ಪೀಡೋಮೀಟರ್ ಕೇಬಲ್ ಇದೆ. ಅವುಗಳ ಒಳಗೂ ಉಕ್ಕು, ಕವರಿನ ಸುರುಳಿಯೂ ಉಕ್ಕು. ಆ ಸಣ್ಣ ಉಕ್ಕಿನಲ್ಲಿ ಅಷ್ಟು ಕರೆಂಟು ಹರಿದರೆ ಕೆಂಡವಾಗದಿದ್ದರೂ ಪ್ಲಾಸ್ಟಿಕ್ ಕರಗುವಷ್ಟು ಬಿಸಿ ಆಗುತ್ತದೆ. ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಸ್ವಲ್ಪ ಸ್ವಲ್ಪ. ಮಳೆಗಾಲದ ಬೆಳಿಗ್ಗೆ ಎಂಜಿನ್ ತಣ್ಣಗಿದ್ದು ಜಾಸ್ತಿ ಹೊತ್ತು ಸೆಲ್ಫ್ ಹೊಡೆದರೆ ಇನ್ನೂ ಜಾಸ್ತಿ.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನಲ್ಲಿ ಬಣ್ಣ ಇಲ್ಲದ ಶುದ್ಧ ಲೋಹಕ್ಕೆ. ಡಿಸ್ಟ್ರಿಬ್ಯೂಟರಿನ ಮಧ್ಯದ ದಪ್ಪ ವೈರ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಟ್ಟಿ, ಆಗ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಯಾರಿಗಾದರೂ ಕೆಲವು ಸೆಕೆಂಡು ಸೆಲ್ಫ್ ಹೊಡೆಯಲು ಹೇಳಿ ಮೀಟರ್ ನೋಡಿ. ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಜಾಸ್ತಿ ಬಂದರೆ ಪಟ್ಟಿ ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ.

ಹಾಸನ_ಪಾನಾ_ಪೆಟ್ಟಿಗೆ, ಹಾಸನ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಇದನ್ನು ಓದಿದ ಮೇಲೆ ಎಲ್ಲರೂ ತಮ್ಮ ತಮ್ಮ ಗಾಡಿಯ ಪಟ್ಟಿ ನೋಡಿಕೊಳ್ಳಿ. ಇದು ಸರಿ ಮಾಡದೆ ಹೊಸ ವೈರ್ ಹಾಕಿದರೆ ಅದೂ ಕರಗುತ್ತದೆ.

ತೋಟದ_ಎಂಟುನೂರು, ಮೂಡಿಗೆರೆ

ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ. ಮೀಟರಿನಲ್ಲಿ ಒಂದೂವರೆ ವೋಲ್ಟಿನ ಮೇಲೆ ಬಂತು. ಪಟ್ಟಿ ಹುಡುಕಿದರೆ ಗೇರ್‌ಬಾಕ್ಸ್ ಬೋಲ್ಟಿನ ಹತ್ತಿರ ಕೆಸರಲ್ಲಿ ಮುಚ್ಚಿಹೋಗಿತ್ತು. ತೊಳೆದು ನೋಡಿದರೆ ತುದಿಯ ತಾಮ್ರ ಪೂರ್ತಿ ಹಸಿರು ಪುಡಿ, ಮುಟ್ಟಿದರೆ ಎಳೆಗಳು ಉದುರುತ್ತಿವೆ. ಕೆಲವೇ ಎಳೆ ಉಳಿದಿದ್ದವು.

ಬೆಳಿಗ್ಗೆ ಸೆಲ್ಫ್ ನಿಧಾನ ತಿರುಗುತ್ತಿತ್ತು, ಬ್ಯಾಟರಿ ಹೋಯಿತು ಅಂತ ಅಂಗಡಿಯವರು ಹೇಳಿದ್ದರು. ಅದಕ್ಕೂ ಇದೇ ಕಾರಣ ಇರಬೇಕು ಅಲ್ವಾ?

ಭದ್ರಾ_ತೀರ, ಬಾಳೆಹೊನ್ನೂರು

ಇರಬಹುದು. ಪಟ್ಟಿ ಬದಲಾಯಿಸಿ ನೋಡದೆ ಬ್ಯಾಟರಿ ತರಬೇಡಿ. ಬ್ಯಾಟರಿ ಅಂಗಡಿಯಲ್ಲಿ ದಪ್ಪ ಅರ್ಥ್ ವೈರು, ಎರಡೂ ಕಡೆ ಲಗ್ (ಬೋಲ್ಟು ಹಾಕುವ ಲೋಹದ ತುದಿ) ಒತ್ತಿಸಿ ಮಾಡಿಕೊಡುತ್ತಾರೆ. ಬರೀ ಟೇಪ್ ಸುತ್ತಿದ್ದು ತರಬೇಡಿ. ಎರಡೂ ತುದಿ ಕೂರುವ ಜಾಗವನ್ನು ಸ್ಯಾಂಡ್‌ಪೇಪರಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಇಲ್ಲವೇ ಗ್ರೀಸ್ ಸವರಿ. ಗ್ರೀಸ್ ಬೋಲ್ಟು ಬಿಗಿ ಮಾಡಿದ ಮೇಲೆ, ಮುಂಚೆ ಅಲ್ಲ. ಎಂಜಿನ್ ಅಲ್ಲಾಡುತ್ತದೆ, ಹಾಗಾಗಿ ವೈರ್ ಸ್ವಲ್ಪ ಉದ್ದ ಇರಲಿ. ಆಮೇಲೆ ಮತ್ತೆ ಅದೇ ಮೀಟರ್ ಪರೀಕ್ಷೆ ಮಾಡಿ.

ಹಾಸನ_ಪಾನಾ_ಪೆಟ್ಟಿಗೆ, ಹಾಸನ

ಸರಿ, ಕಾರಣ ಸಿಕ್ಕಿತು. ಈಗ ವೈರ್ ಹಾಕುವ ವಿಷಯ. ಆರಾಮಾಗಿ ಓದಿ.

ಮೊದಲು ಅಂಗಡಿಯಲ್ಲಿ. ಹಳೇ ವೈರನ್ನು ಜೊತೆಗೆ ತೆಗೆದುಕೊಂಡು ಹೋಗಿ. ಬರೀ ಒಟ್ಟು ಉದ್ದ ನೋಡಿದರೆ ಸಾಲದು. ಔಟರ್ ಕವರಿನ ಉದ್ದ ಬೇರೆ, ಇನ್ನರ್ ಹೊರಗೆ ಚಾಚಿರುವ ಉದ್ದ ಬೇರೆ. ಎರಡನ್ನೂ ಕೌಂಟರ್ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸಿ. ಔಟರ್ ಒಂದು ಇಂಚು ಜಾಸ್ತಿ ಇದ್ದರೂ ನಟ್ಟು ಹಾಕಲು ದಾರ (ತಿರುಪಿನ ಗೆರೆ) ಸಿಗುವುದಿಲ್ಲ, ಕಡಿಮೆ ಇದ್ದರೆ ತಿರುವಿನಲ್ಲಿ ಬಿಗಿದುಕೊಳ್ಳುತ್ತದೆ. ಪೆಡಲ್ ಕಡೆಯ ಕೊಕ್ಕೆಯ ಆಕಾರ, ಫೈರ್‌ವಾಲಿನಲ್ಲಿ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ಕೂರುವ ಭಾಗ, ಕೆಳಗಿನ ದಾರದ ದಪ್ಪ, ಇದೆಲ್ಲ ಒಂದೇ ಇರಬೇಕು. 800ರಲ್ಲಿ ವರ್ಷಗಳು ಕಳೆದ ಹಾಗೆ ಬದಲಾವಣೆ ಆಗಿದೆ, "ಎಲ್ಲಾ 800ಗೂ ಇದೇ" ಅಂದರೆ ನಂಬಬೇಡಿ. ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡಲ್ಲಿ ಕೇಳಿ.

ಗಾಡಿ ನಿಲ್ಲಿಸುವ ಜಾಗ. ಈಗ ಕೊಯ್ಲು ಇಲ್ಲ, ಕಾಫಿ ಕಣ ಖಾಲಿ ಇರುತ್ತದಲ್ಲ, ಅಲ್ಲೇ ನಿಲ್ಲಿಸಿ. ಸಿಮೆಂಟು, ಸಮತಟ್ಟು. ಅಂಗಳದ ಕೆಮ್ಮಣ್ಣಿನ ಮೇಲೆ ಜ್ಯಾಕ್ ಹಾಕಿದರೆ ಹೂತುಹೋಗುತ್ತದೆ. ಕೆಲಸದ ಬಹುಪಾಲು ಬಾನೆಟ್ ಕಡೆಯಿಂದಲೇ ಆಗುತ್ತದೆ. ಆದರೂ ಗಾಡಿ ಎತ್ತಬೇಕಾದರೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಹೋಗಬಾರದು, ಇದರಲ್ಲಿ ರಾಜಿ ಇಲ್ಲ. ಬ್ಯಾಟರಿ ಮೈನಸ್ ಬಿಚ್ಚಿ. ಏರ್ ಫಿಲ್ಟರ್ ಡಬ್ಬ ತೆಗೆದಿಟ್ಟರೆ ಕೈ ಆಡಿಸಲು ಜಾಗ ಸಿಗುತ್ತದೆ. ಕಾರ್ಬುರೇಟರ್ ಬಾಯಿಗೆ ಒಣ ಬಟ್ಟೆ ಮುಚ್ಚಿ, ವಾಷರ್ ಗೀಷರ್ ಒಳಗೆ ಬಿದ್ದರೆ ಕಷ್ಟ.

ನೀವು ಈಗಾಗಲೇ ಬಿಚ್ಚಿದ್ದೀರಿ. ಬೇರೆಯವರು ಬಿಚ್ಚುವ ಮುಂಚೆ ಮೊಬೈಲಲ್ಲಿ ವೈರ್ ಹೋಗುವ ದಾರಿಯ ಫೋಟೋ ತೆಗೆದುಕೊಳ್ಳಿ.

ಹಾಕುವಾಗ ಪೆಡಲ್ ಕಡೆಯಿಂದ ಶುರು ಮಾಡಿ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಮಲಗಬೇಕು, ಸ್ವಲ್ಪ ಕುತ್ತಿಗೆ ನೋಯುತ್ತದೆ, ಸೀಟು ಹಿಂದಕ್ಕೆ ತಳ್ಳಿಕೊಳ್ಳಿ. ಕೊಕ್ಕೆಗೆ ಗ್ರೀಸ್ ಸವರಿ ಪೆಡಲಿಗೆ ಸಿಕ್ಕಿಸಿ. ಫೈರ್‌ವಾಲಿನಲ್ಲಿ ಔಟರ್ ಪೂರ್ತಿ ಕೂತಿದೆಯಾ ನೋಡಿ. ಇದು ಮುಖ್ಯ. ಈ ಥರದ ವೈರಿಗೆ ಬೌಡನ್ ಕೇಬಲ್ ಅಂತ ಹೆಸರು, ಅರ್ನೆಸ್ಟ್ ಬೌಡನ್ ಅನ್ನುವವರು 1896ರಲ್ಲಿ ಪೇಟೆಂಟ್ ಪಡೆದಿದ್ದು. ಇದರ ಗುಟ್ಟು ಏನಂದರೆ ಒಳಗಿನ ವೈರ್ ಎಷ್ಟು ಎಳೆಯುತ್ತದೋ ಹೊರಗಿನ ಕವರ್ ಅಷ್ಟೇ ತಳ್ಳುತ್ತದೆ. ಕವರಿನ ಎರಡು ತುದಿ ಭದ್ರವಾಗಿ ಕೂತಿಲ್ಲ ಅಂದರೆ ಪೆಡಲ್ ಒತ್ತಿದಾಗ ಕವರೇ ಜರುಗುತ್ತದೆ, ಆರ್ಮ್ ಅರ್ಧವೇ ತಿರುಗುತ್ತದೆ, ಗೇರು ಸದ್ದು ಮಾಡುತ್ತದೆ. ಆಗ ಜನ ನಟ್ಟು ಬಿಗಿ ಮಾಡುತ್ತಾ ಹೋಗುತ್ತಾರೆ.

ದಾರಿ ಹಳೇದರಂತೆಯೇ ಇರಲಿ. ತಿರುವು ದೊಡ್ಡದಾಗಿರಬೇಕು, ಮಡಚಿದ ಹಾಗೆ ಇರಬಾರದು. ಮ್ಯಾನಿಫೋಲ್ಡಿನಿಂದ ದೂರ. ಟೈ ಹಾಕಿ ಎಂಜಿನ್ನಿಗೂ ಬಾಡಿಗೂ ಬಿಗಿದು ಕಟ್ಟಬೇಡಿ, ಎಂಜಿನ್ ಅಲ್ಲಾಡುವಾಗ ವೈರೂ ಆಡಬೇಕು. ಆಮೇಲೆ ಗೇರ್‌ಬಾಕ್ಸಿನ ಬ್ರ್ಯಾಕೆಟ್ಟಿಗೆ ಔಟರ್ ಕೂರಿಸಿ, ಆರ್ಮಿನ ಪಿನ್ನಿಗೆ ಗ್ರೀಸ್ ಹಚ್ಚಿ, ನಟ್ಟು ಕೈಯಲ್ಲಿ ಹತ್ತಿಸಿ. ಕೊನೆಗೆ ಬೂಟು.

ಆಲ್ದೂರು_ಹುಡುಗ, ಆಲ್ದೂರು

ಅಣ್ಣಾ, ವೈರ್ ಒಳಗೆ ಎಣ್ಣೆ ಬಿಡಬೇಕಾ? ನಮ್ಮ ಬೈಕಿನ ಕ್ಲಚ್ ವೈರಿಗೆ ಎಂಜಿನ್ ಆಯಿಲ್ ಬಿಡುತ್ತೇವೆ, ಹಗುರ ಆಗುತ್ತದೆ.

ಕಡೂರು_ಪದ್ಮಿನಿ, ಕಡೂರು

ಬಿಡಲೇಬೇಕು. ಒಣ ವೈರ್ ಯಾವತ್ತೂ ಹಾಕಬಾರದು. ನಾನು ಗ್ರೀಸೇ ತುಂಬುತ್ತೇನೆ.

ಹಾಸನ_ಪಾನಾ_ಪೆಟ್ಟಿಗೆ, ಹಾಸನ

ಇದಕ್ಕೆ ಒಂದೇ ಉತ್ತರ ಇಲ್ಲ. ವೈರ್ ಯಾವ ಥರದ್ದು ಅನ್ನುವುದರ ಮೇಲೆ ಹೋಗುತ್ತದೆ. ಹಳೇ ಕಾಲದ ವೈರಿನಲ್ಲಿ ಉಕ್ಕಿನ ಸುರುಳಿಯ ಒಳಗೆ ನೇರ ಉಕ್ಕಿನ ವೈರ್ ಉಜ್ಜುತ್ತದೆ. ಅದಕ್ಕೆ ತೆಳು ಎಣ್ಣೆ ಬೇಕೇ ಬೇಕು. ಆದರೆ ಈಗ ಬರುವ ಹೆಚ್ಚಿನವುಗಳಲ್ಲಿ ಒಳಗೆ ನೈಲಾನೋ ಟೆಫ್ಲಾನೋ ಪದರ ಇರುತ್ತದೆ. ಅದು ತಾನೇ ಜಾರುತ್ತದೆ. ಅದಕ್ಕೆ ದಪ್ಪ ಗ್ರೀಸ್ ತುಂಬಿದರೆ ಧೂಳು ಅಂಟಿ ಮುದ್ದೆಯಾಗುತ್ತದೆ, ಚಳಿಯ ಬೆಳಿಗ್ಗೆ ಇನ್ನೂ ಬಿಗಿ. ತುದಿಯಲ್ಲಿ ಬಿಳಿ ಪ್ಲಾಸ್ಟಿಕ್ ಕೊಳವೆ ಇಣುಕಿದರೆ ಪದರ ಇದೆ ಅಂತ ಲೆಕ್ಕ. ಅಂಥದ್ದಕ್ಕೆ ಕೊಕ್ಕೆ, ಪಿನ್ನಿಗೆ ಮಾತ್ರ ಗ್ರೀಸ್ ಸಾಕು.

ಕಡೂರಿನವರೇ, ನಿಮ್ಮ ಪದ್ಮಿನಿಯ ಸ್ಪೀಡೋಮೀಟರ್ ಕೇಬಲಿಗೆ ಗ್ರೀಸ್ ಬೇಕು, ಅಲ್ಲಿ ನಿಮ್ಮ ಮಾತು ಸರಿ. ಅಲ್ಲಿ ಇನ್ನರ್ ಎಳೆಯುವುದಿಲ್ಲ, ತಿರುಗುತ್ತದೆ. ಒಣಗಿದರೆ ಮುಳ್ಳು ನಡುಗುತ್ತದೆ. ಆದರೂ ಮೀಟರ್ ಕಡೆಯ ಕೊನೆಯ ಭಾಗ ಖಾಲಿ ಬಿಡಿ, ಇಲ್ಲದಿದ್ದರೆ ಗ್ರೀಸ್ ಹತ್ತಿ ಮೀಟರಿನ ಒಳಗೆ ಹೋಗುತ್ತದೆ.

ಕಡೂರು_ಪದ್ಮಿನಿ, ಕಡೂರು

ಮುಳ್ಳು ನಡುಗುತ್ತಿರುವುದು ನಿಜ! ನಾಳೆಯೇ ಬಿಚ್ಚುತ್ತೇನೆ. ತಿರುವಿನಲ್ಲೂ ಸ್ವಲ್ಪ ಮಡಚಿದ ಹಾಗಿದೆ, ಅದನ್ನೂ ನೋಡುತ್ತೇನೆ.

ಬೀಟಲ್_ಪ್ರೇಮಿ, ಚಿಕ್ಕಮಗಳೂರು

ನಿಮ್ಮದೆಲ್ಲ ಗಿಡ್ಡ ವೈರು. ನಮ್ಮ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಎಂಜಿನ್ ಹಿಂದೆ, ಪೆಡಲ್ ಮುಂದೆ. ಕ್ಲಚ್ ವೈರ್ ಗಾಡಿಯ ಮಧ್ಯದ ಟನೆಲ್ ಒಳಗಿನ ಕೊಳವೆಯಲ್ಲಿ ಉದ್ದಕ್ಕೂ ಹೋಗಬೇಕು. ಹಿಂದಿನ ತುದಿಯಲ್ಲಿ ಬಾಗುವ ಬೌಡನ್ ಕೊಳವೆ ಇರುತ್ತದೆ, ಅದು 25ರಿಂದ 45 ಮಿ.ಮೀ. ಜೋತುಬಿದ್ದಿರಬೇಕು. ಬಿಗಿ ಎಳೆದು ನೇರ ಮಾಡಿದರೆ ಕ್ಲಚ್ ಬಿಡುವಾಗ ಗಾಡಿ ಜಿಗಿಯುತ್ತದೆ. ಹಾಸನದ ಸರ್ ಹೇಳಿದ ಹಾಗೆ ಔಟರ್ ಹೇಗೆ ಕೂತಿದೆ ಅನ್ನುವುದೇ ಅರ್ಧ ಕೆಲಸ. ನಮ್ಮದಕ್ಕೆ ಇಡೀ ವೈರಿಗೆ ಗ್ರೀಸ್ ಸವರಿಕೊಂಡೇ ತಳ್ಳುತ್ತೇವೆ, ಅಲ್ಲಿ ಪ್ಲಾಸ್ಟಿಕ್ ಪದರ ಇಲ್ಲ.

ತೋಟದ_ಎಂಟುನೂರು, ಮೂಡಿಗೆರೆ

ವೈರ್ ಸಿಕ್ಕಿತು. ಮೊದಲು ಒಂದು ಅಂಗಡಿಯಲ್ಲಿ ಕೊಟ್ಟದ್ದರ ಔಟರ್ ಉದ್ದ ಜಾಸ್ತಿ ಇತ್ತು, ಅಲ್ಲೇ ಅಳತೆ ನೋಡಿದ್ದರಿಂದ ಬಚಾವ್. ಇನ್ನೊಂದು ಕಡೆ ಸರಿಯಾದದ್ದು ಸಿಕ್ಕಿತು. ಬಿಳಿ ಪದರ ಇದೆ. ಅರ್ಥ್ ವೈರೂ ಹೊಸದು ಹಾಕಿದೆ, ಮೀಟರ್ ಈಗ ಅರ್ಧ ವೋಲ್ಟಿಗಿಂತ ಚೆನ್ನಾಗಿ ಕೆಳಗೆ ತೋರಿಸುತ್ತದೆ. ಸೆಲ್ಫ್ ಹೊಡೆಯುವ ಸದ್ದೇ ಬೇರೆ ಆಗಿದೆ! ಕ್ಲಚ್ ವೈರ್ ಹಾಕಿ ನಟ್ಟು ಹತ್ತಿಸಿದ್ದೇನೆ. ಈಗ ಪ್ಲೇ ಹೇಗೆ ಇಡುವುದು?

ಹಾಸನ_ಪಾನಾ_ಪೆಟ್ಟಿಗೆ, ಹಾಸನ

ಭೇಷ್. ಪ್ಲೇ ಅಂದರೆ ಪೆಡಲನ್ನು ಕೈಯಲ್ಲಿ ಒತ್ತಿದಾಗ ಏನೂ ಭಾರ ಸಿಗದೆ ಹೋಗುವ ದೂರ. ಸ್ಕೇಲನ್ನು ಪೆಡಲ್ ಪಕ್ಕ ನಿಲ್ಲಿಸಿ, ಬೆರಳಲ್ಲಿ ಒತ್ತಿ, ಭಾರ ಶುರುವಾಗುವ ಜಾಗ ಗುರುತು ಮಾಡಿ. ಸುಮಾರು ಒಂದು ಇಂಚು ಇರಲಿ. ಗಾಡಿಯ ಜೊತೆ ಬಂದ ಪುಸ್ತಕ ಇದ್ದರೆ ಅದರಲ್ಲಿರುವ ಅಳತೆಯೇ ಕೊನೆ ಮಾತು. ನಟ್ಟು ಬಿಗಿ ಮಾಡಿದರೆ ಪ್ಲೇ ಕಡಿಮೆ, ಸಡಿಲ ಮಾಡಿದರೆ ಜಾಸ್ತಿ.

ಪ್ಲೇ ಇಲ್ಲದೆ ಬಿಗಿ ಇಟ್ಟರೆ ಕ್ಲಚ್ಚನ್ನು ಒತ್ತುವ ರಿಲೀಸ್ ಬೇರಿಂಗ್ ಯಾವಾಗಲೂ ಒತ್ತಿಕೊಂಡೇ ಇರುತ್ತದೆ. ಬೇರಿಂಗ್ ಸವೆಯುತ್ತದೆ, ಕ್ಲಚ್ ಜಾರುತ್ತದೆ, ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಪ್ಲೇ ಜಾಸ್ತಿ ಆದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಸದ್ದು. ಇನ್ನೂ ಒಂದು, ಕ್ಲಚ್ ಪ್ಲೇಟ್ ಸವೆದ ಹಾಗೆ ಪ್ಲೇ ತಾನೇ ಕಡಿಮೆ ಆಗುತ್ತಾ ಬರುತ್ತದೆ. ಆಗಾಗ ನೋಡುತ್ತಿರಿ.

ಇಟ್ಟ ಮೇಲೆ ಪೆಡಲನ್ನು ಜೋರಾಗಿ ಹತ್ತಾರು ಸಲ ಒತ್ತಿ ಬಿಡಿ. ಹೊಸ ವೈರಿನ ಕವರ್ ತನ್ನ ಜಾಗದಲ್ಲಿ ಕೂರುತ್ತದೆ, ಪ್ಲೇ ಬದಲಾಗಿರುತ್ತದೆ. ಮತ್ತೆ ಅಳತೆ ಮಾಡಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಸರಿ. ಮುಂದೆ ಖಾಲಿ ಜಾಗ ಇರುವಾಗ ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬ್ರೇಕ್ ಮೇಲಿಟ್ಟು, ನಾಲ್ಕನೇ ಗೇರಲ್ಲಿ ಕ್ಲಚ್ ಬಿಡಿ. ಎಂಜಿನ್ ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಇದನ್ನು ಪದೇ ಪದೇ ಮಾಡಬೇಡಿ, ಪ್ಲೇಟ್ ಸುಡುತ್ತದೆ.

ತೋಟದ_ಎಂಟುನೂರು, ಮೂಡಿಗೆರೆ

ಎರಡೂ ಪರೀಕ್ಷೆ ಪಾಸು. ರಿವರ್ಸ್ ಬೆಣ್ಣೆ. ಅಮ್ಮ ಕೂಡ ಒತ್ತಿ ನೋಡಿ "ಇಷ್ಟು ಹಗುರಾನಾ" ಅಂದರು. ಕಣದಲ್ಲೇ ನಾಲ್ಕು ಸುತ್ತು ಹೊಡೆಸಿದೆ, ತುಂಬಾ ಖುಷಿ ಆಗಿದೆ. ಎಲ್ಲರಿಗೂ ಧನ್ಯವಾದ.

ಸಕಲೇಶಪುರ_ಘಾಟಿ, ಸಕಲೇಶಪುರ

ಚೆನ್ನಾಗಿದೆ ಚರ್ಚೆ. ಒಂದು ಸೇರಿಸುತ್ತೇನೆ. ಡಿಕ್ಕಿಯಲ್ಲಿ ಒಂದು ಹೊಸ ವೈರ್, 10ರ ಮತ್ತು 12ರ ಪಾನಾ, ಟಾರ್ಚ್ ಇಟ್ಟುಕೊಳ್ಳಿ. ದೊಡ್ಡ ತೂಕ ಏನಲ್ಲ. ಶಿರಾಡಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಅದೇ ಗತಿ.

ವೈರ್ ಕಿತ್ತಾಗ ಸಮತಟ್ಟಾದ ಖಾಲಿ ರಸ್ತೆಯಾದರೆ ಗಾಡಿಯನ್ನು ಹತ್ತಿರದ ಗ್ಯಾರೇಜಿನ ತನಕ ತರಬಹುದು. ಎಂಜಿನ್ ಆಫ್ ಮಾಡಿ, ಒಂದನೇ ಗೇರು ಹಾಕಿ, ಹಾಗೇ ಸೆಲ್ಫ್ ಹೊಡೆದರೆ ಗಾಡಿ ಜರ್ಕ್ ಹೊಡೆದು ಹೊರಡುತ್ತದೆ. ಮುಂದೆ ಯಾರೂ ಇರಬಾರದು. ನಿಲ್ಲಿಸಬೇಕಾದರೆ ಆಕ್ಸಿಲೇಟರ್ ಬಿಟ್ಟು ಗೇರನ್ನು ನ್ಯೂಟ್ರಲ್‌ಗೆ ಎಳೆದು ಬ್ರೇಕ್. ಆದರೆ ಘಾಟಿಯಲ್ಲಿ ಇದನ್ನು ಮಾಡಲೇಬಾರದು. ಪಕ್ಕಕ್ಕೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸಹಾಯಕ್ಕೆ ಕಾಯಿರಿ.

ಇಳಿಜಾರಲ್ಲಿ ಅರ್ಧ ಕ್ಲಚ್ಚಲ್ಲಿ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸವನ್ನೂ ಬಿಡಬೇಕು. ಹ್ಯಾಂಡ್‌ಬ್ರೇಕ್ ಇರುವುದೇ ಅದಕ್ಕೆ.

ಆಲ್ದೂರು_ಹುಡುಗ, ಆಲ್ದೂರು

ಒಂದು ಅನುಮಾನ. ಕ್ಲಚ್ ವೈರ್ ಕರಗಿದೆ ಅಂದರೆ ಆಕ್ಸಿಲೇಟರ್ ವೈರೂ ಅದೇ ಕರೆಂಟಲ್ಲಿ ಕೆಟ್ಟಿರಬಹುದಲ್ಲ?

ಭದ್ರಾ_ತೀರ, ಬಾಳೆಹೊನ್ನೂರು

ಒಳ್ಳೆ ಪ್ರಶ್ನೆ ಕೇಳಿದೆ ತಮ್ಮಾ. ಖಂಡಿತ ನೋಡಬೇಕು. ಅದು ಕ್ಲಚ್ ವೈರಿಗಿಂತ ತೆಳು, ಕೆಟ್ಟರೆ ಜಾಸ್ತಿ ಅಪಾಯ. ಎಂಜಿನ್ ಆಫ್ ಇರುವಾಗ ಏರ್ ಫಿಲ್ಟರ್ ತೆಗೆದು ಒಬ್ಬರು ಕಾರ್ಬುರೇಟರ್ ಹತ್ತಿರ ನಿಲ್ಲಲಿ, ಇನ್ನೊಬ್ಬರು ಪೆಡಲ್ ಪೂರ್ತಿ ಒತ್ತಿ ತಟ್ಟನೆ ಬಿಡಲಿ. ಲಿವರ್ ಪೂರ್ತಿ ತೆರೆಯಬೇಕು, ಬಿಟ್ಟ ತಕ್ಷಣ ಸ್ಪ್ರಿಂಗ್ ಎಳೆದು ಪಟ್ ಅಂತ ಮುಚ್ಚಬೇಕು. ನಿಧಾನಕ್ಕೆ ಮುಚ್ಚಿದರೆ, ಮಧ್ಯದಲ್ಲಿ ನಿಂತರೆ ಗಾಡಿ ಹೊರಗೆ ತೆಗೆಯಬೇಡಿ. ವೈರ್ ಬದಲಾಯಿಸಿಯೇ ಓಡಿಸಿ.

ಓಡುವಾಗ ಸಿಕ್ಕಿಕೊಂಡರೆ ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಇಗ್ನಿಷನ್ ಒಂದು ಹಂತ ಮಾತ್ರ ಹಿಂದಕ್ಕೆ ತಿರುಗಿಸಿ. ಕೀ ಹೊರಗೆ ಎಳೆಯಬಾರದು, ಸ್ಟೀರಿಂಗ್ ಲಾಕ್ ಆಗುತ್ತದೆ. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಕೊಡಿ.

ತೋಟದ_ಎಂಟುನೂರು, ಮೂಡಿಗೆರೆ

ನೋಡಿದೆ ಅಕ್ಕಾ. ಆಕ್ಸಿಲೇಟರ್ ಪಟ್ ಅಂತ ಮುಚ್ಚುತ್ತದೆ, ತೊಂದರೆ ಇಲ್ಲ. ಚೋಕ್ ವೈರ್ ಮಾತ್ರ ಎಳೆದರೆ ಬರುತ್ತದೆ, ವಾಪಸ್ ಹೋಗುವಾಗ ಬಿಗಿ. ಅದರ ಕವರೂ ಒಂದು ಕಡೆ ಉಬ್ಬಿದೆ. ಪೇಟೆಯಲ್ಲಿ ಕೇಳಿದೆ, ಎಲ್ಲೂ ಇಲ್ಲ. ಜೆ.ಸಿ. ರೋಡ್ ಕಡೆ ಹೋಗುವವರು ಯಾರಾದರೂ ಇದ್ದೀರಾ?

ಗಿರಿಸೀಮೆ, ಚಿಕ್ಕಮಗಳೂರು

ನಾನು ಮುಂದಿನ ವಾರ ಬೆಂಗಳೂರಿಗೆ ಹೋಗುತ್ತಿದ್ದೇನೆ. ಹಳೇ ಚೋಕ್ ವೈರ್ ಬಿಚ್ಚಿ ನನಗೆ ತಲುಪಿಸಿ, ಅದನ್ನೇ ಹಿಡಿದುಕೊಂಡು ಹೋಗುತ್ತೇನೆ. ಅಷ್ಟರೊಳಗೆ ಆಗದಿದ್ದರೆ ಔಟರ್ ಉದ್ದ, ಇನ್ನರ್ ಎರಡೂ ಕಡೆ ಚಾಚಿರುವ ಉದ್ದ, ಗುಬಟಿನ ಹಿಂದಿನ ದಾರದ ದಪ್ಪ ಬರೆದು ಫೋಟೋ ಹಾಕಿ. ಚೋಕ್ ಅರ್ಧ ಎಳೆದ ಹಾಗೇ ನಿಂತರೆ ಪೆಟ್ರೋಲ್ ಕುಡಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ. ಹಾಗಾಗಿ ಅಲ್ಲಿಯ ತನಕ ಸ್ಟಾರ್ಟ್ ಮಾಡಿದ ಮೇಲೆ ಕಾರ್ಬುರೇಟರ್ ಹತ್ತಿರ ಕೈಯಿಂದಲೇ ಲಿವರ್ ವಾಪಸ್ ತಳ್ಳಿ, ಆಮೇಲೆ ಹೊರಡಿ.